ಆನ್ ಆಗದ ಲ್ಯಾಪ್‌ಟಾಪ್ ಮಾರುವ ಮೊದಲು ಅದರಲ್ಲಿರುವ ಡೇಟಾ ಅಳಿಸುವುದು ಹೇಗೆ?

ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ಅಂಗಡಿಯವರು ಇದ್ದ ಹಾಗೇ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ, ಒಳಗಿರುವುದನ್ನು ಅಳಿಸಲು ಯಾವ ಸಾಫ್ಟ್‌ವೇರ್ ಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಇವತ್ತೇ ಕೊಡಬೇಡಿ. ನಾನು ಹೀಗೇ ಕೊಟ್ಟುಬಿಟ್ಟೆ.

ಹಾಸನದಲ್ಲಿ ಆದಾಯ ತೆರಿಗೆ ರಿಟರ್ನ್ಸ್ ತುಂಬಿಕೊಡುವುದು, ಪ್ಯಾನ್ ಅರ್ಜಿ ಹಾಕಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಶಾಲೆ ಮೇಷ್ಟ್ರುಗಳು, ಟೀಚರ್‌ಗಳು, ಪಿಂಚಣಿ ತೆಗೆದುಕೊಳ್ಳುವವರು, ಸಣ್ಣ ಅಂಗಡಿ ಇಟ್ಟುಕೊಂಡವರು. ಅವರ ಫಾರ್ಮ್ 16, ಪಾಸ್‌ಬುಕ್ ಸ್ಕ್ಯಾನ್, ಆಧಾರ್, ಪ್ಯಾನ್ ಎಲ್ಲವೂ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದವು. ಅದು ಮಧ್ಯೆ ಮಧ್ಯೆ ತಾನಾಗಿ ಆಫ್ ಆಗಲು ಶುರುವಾದಾಗ ಎಲ್ಲವನ್ನೂ ಹೊಸದಕ್ಕೆ ಕಾಪಿ ಮಾಡಿಕೊಂಡೆ. ಆಮೇಲೆ ಹಳೆಯದರ ಡಿ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಡೆಸ್ಕ್‌ಟಾಪ್ ಮೇಲಿದ್ದ ಫೋಲ್ಡರ್‌ಗಳನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದೆ. ಸ್ವಲ್ಪ ದಿನಕ್ಕೆ ಅದು ಪೂರ್ತಿ ನಿಂತೇಹೋಯಿತು. ರಿಪೇರಿಯವರು ನೋಡಿ, ಮದರ್‌ಬೋರ್ಡ್ ಹೋಗಿದೆ, ಹಾಕಿಸುವ ದುಡ್ಡಿಗೆ ಲಾಭವಿಲ್ಲ ಅಂದರು. ಹಳೇ ಲ್ಯಾಪ್‌ಟಾಪ್ ಕೊಳ್ಳುವ ಅಂಗಡಿಗೆ ಒಯ್ದೆ. ಒಳಗಿನ ಫೈಲ್‌ಗಳ ಬಗ್ಗೆ ಕೇಳಿದ್ದಕ್ಕೆ ಅಲ್ಲಿದ್ದವರು, "ಆನೇ ಆಗಲ್ವಲ್ಲ ಸಾರ್, ಯಾರು ಏನು ನೋಡ್ತಾರೆ? ಬೇಕಾದ್ರೆ ನಾವೇ ಫಾರ್ಮ್ಯಾಟ್ ಹೊಡೀತೀವಿ" ಅಂದರು. ನನಗೂ ಸರಿ ಅನ್ನಿಸಿತು.

ಕೆಲವು ತಿಂಗಳು ಕಳೆದ ಮೇಲೆ ನಿವೃತ್ತ ಟೀಚರ್ ಒಬ್ಬರು ಫೋನ್ ಮಾಡಿದರು. "ಏನಪ್ಪಾ, ನನ್ನ ತೆರಿಗೆ ಕಾಗದ ಎಲ್ಲಾ ಯಾರೋ ಹುಡುಗನ ಹತ್ರ ಇದೆಯಂತಲ್ಲ?" ಆ ಹುಡುಗ ಕಾಲೇಜು ವಿದ್ಯಾರ್ಥಿ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಸೆಕೆಂಡ್‌ಹ್ಯಾಂಡ್ ಹಾರ್ಡ್ ಡಿಸ್ಕ್ ಕೊಂಡು, ಯುಎಸ್‌ಬಿ ಕೇಸ್‌ಗೆ ಹಾಕಿ ಬಳಸುತ್ತಿದ್ದ. ಅದರಲ್ಲಿಟ್ಟಿದ್ದ ತನ್ನ ಫೋಟೋಗಳು ಕೈತಪ್ಪಿ ಡಿಲೀಟ್ ಆದವು. ಅವನ್ನು ವಾಪಸ್ ತೆಗೆಯಲು ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್ ಹಾಕಿದ. ಅವನ ಫೋಟೋಗಳ ಜೊತೆಗೆ ನನ್ನ ಗಿರಾಕಿಗಳ ಕಾಗದಗಳೂ ಎದ್ದುಬಂದವು. ಟೀಚರ್ ಅವರ ರಿಟರ್ನ್ಸ್ ಪ್ರತಿಯಲ್ಲಿ ಫೋನ್ ನಂಬರ್ ಇತ್ತು. ಒಳ್ಳೆಯ ಮನಸ್ಸಿನ ಹುಡುಗ, ತಾನಾಗಿ ಕರೆ ಮಾಡಿ ತಿಳಿಸಿದ. ಡಿಸ್ಕ್ ವಾಪಸ್ ಕೊಟ್ಟ. ದುಡ್ಡು ಕೊಡಲು ಹೋದರೆ ತಾನು ಕೊಂಡ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ಮುಟ್ಟಲಿಲ್ಲ.

ಆದರೆ ಅವನ ಕೈಗೆ ಬರುವ ಮೊದಲು ಅದು ಯಾರ್ಯಾರ ಕೈ ದಾಟಿತ್ತು? ಅದಕ್ಕೆ ಉತ್ತರ ಸಿಗಲೇ ಇಲ್ಲ. ಆ ಡಿಸ್ಕಿನಲ್ಲಿ ಯಾರ ಕಾಗದಗಳಿದ್ದವೋ ಅವರೆಲ್ಲರಿಗೂ ವಿಷಯ ತಿಳಿಸಿದೆ. ಫೋನಿನಲ್ಲಿ ಹೇಳಿದರೆ ಅರ್ಥವಾಗದ ವಯಸ್ಸಾದವರ ಮನೆಗೆ ಹೋಗಿ ಹೇಳಿದೆ. ಕೆಲವರು ಮತ್ತೆ ಬರಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಎಲ್ಲಿ ತಪ್ಪಾಯಿತು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ನಿಮಗೆ ಬೇಕಾಗಿರುವುದು ಇದೇ ಭಾಗ.

ಹಾರ್ಡ್ ಡಿಸ್ಕಿನಲ್ಲಿ ಯಾವ ಫೈಲ್ ಯಾವ ಜಾಗದಲ್ಲಿದೆ ಅಂತ ಬರೆದಿಡುವ ಒಂದು ಪಟ್ಟಿ ಇರುತ್ತದೆ. ಡಿಲೀಟ್ ಒತ್ತಿ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ರೀಸೈಕಲ್ ಬಿನ್ ಖಾಲಿ ಮಾಡಿ, ವಿಂಡೋಸ್ ಮಾಡುವುದು ಇಷ್ಟೇ: ಆ ಪಟ್ಟಿಯಲ್ಲಿ 'ಈ ಜಾಗ ಖಾಲಿ' ಅಂತ ಗುರುತು ಹಾಕುತ್ತದೆ. ಫೈಲ್ ಇದ್ದಲ್ಲೇ ಇರುತ್ತದೆ. ಅದೇ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಇರುತ್ತದೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿ ನಿಂತ ರಾಗಿ ಮಾಯವಾಗುವುದಿಲ್ಲ, ಅಲ್ವಾ? ಕ್ವಿಕ್ ಫಾರ್ಮ್ಯಾಟ್ ಮಾಡುವುದೂ ಇಷ್ಟೇ. ಹಳೇ ಪಟ್ಟಿ ಪಕ್ಕಕ್ಕಿಟ್ಟು ಹೊಸ ಖಾಲಿ ಪಟ್ಟಿ ಬರೆಯುತ್ತದೆ. ನಾನು ಮಾಡಿದ್ದು ಅದೇ. ಫಾರ್ಮ್ಯಾಟ್ ಮಾಡುವಾಗ ಬರುವ ಕಿಟಕಿಯಲ್ಲಿ 'ಕ್ವಿಕ್ ಫಾರ್ಮ್ಯಾಟ್' ಪಕ್ಕದ ಟಿಕ್ ಮೊದಲೇ ಹಾಕಿರುತ್ತದೆ. ಅದನ್ನು ತೆಗೆದಿದ್ದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ನನ್ನದು ಕೆಲವೇ ಸೆಕೆಂಡಿನಲ್ಲಿ ಮುಗಿದಿತ್ತು. ಅಷ್ಟು ದೊಡ್ಡ ಡ್ರೈವ್ ಅಷ್ಟು ಬೇಗ ಅಳಿಸಲು ಸಾಧ್ಯವೇ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು.

ಇನ್ನು ಸಿ ಡ್ರೈವ್. ಡೌನ್‌ಲೋಡ್ಸ್ ಫೋಲ್ಡರ್ ನನ್ನ ಗಮನಕ್ಕೇ ಬರಲಿಲ್ಲ. ಅದರಲ್ಲಿ ಇ-ಆಧಾರ್ ಪಿಡಿಎಫ್‌ಗಳು ರಾಶಿ ಬಿದ್ದಿದ್ದವು. ಇ-ಆಧಾರ್‌ಗೆ ಪಾಸ್‌ವರ್ಡ್ ಇರುತ್ತದಲ್ಲ ಅನ್ನಬಹುದು. ಆ ಪಾಸ್‌ವರ್ಡ್ ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ, ಇದು ಎಲ್ಲರಿಗೂ ಗೊತ್ತು. ಹುಡುಕಲು ಸುಲಭವಾಗಲಿ ಅಂತ ನಾನು ಪ್ರತಿ ಫೈಲ್‌ಗೂ ಗಿರಾಕಿಯ ಹೆಸರು ಮತ್ತು ಹುಟ್ಟಿದ ತಾರೀಖನ್ನೇ ಹೆಸರಾಗಿ ಇಟ್ಟಿದ್ದೆ. ಅಂದರೆ ಪಾಸ್‌ವರ್ಡ್ ಫೈಲಿನ ಹೆಸರಲ್ಲೇ ಇತ್ತು. ಇವತ್ತಿಗೂ ಇದನ್ನು ನೆನೆದರೆ ಹೊಟ್ಟೆ ತೊಳಸುತ್ತದೆ.

'ಆನ್ ಆಗಲ್ಲ, ಹಾಗಾಗಿ ಯಾರೂ ನೋಡಲ್ಲ' ಅನ್ನುವುದು ಎಲ್ಲಕ್ಕಿಂತ ದೊಡ್ಡ ಮೋಸದ ನಂಬಿಕೆ. ಸತ್ತಿದ್ದು ಬೋರ್ಡ್. ಡಿಸ್ಕ್ ಗಟ್ಟಿಯಾಗೇ ಇತ್ತು. ಎರಡು ಸ್ಕ್ರೂ ಬಿಚ್ಚಿ, ಕೆಲವು ನೂರು ರೂಪಾಯಿಯ ಕೇಸ್‌ಗೆ ಹಾಕಿದರೆ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತೆರೆದುಕೊಳ್ಳುತ್ತದೆ. ವಿಂಡೋಸ್ ಪಾಸ್‌ವರ್ಡ್ ಇದೆ ಅಂತ ಧೈರ್ಯ ಪಡಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿ ಇರದಿದ್ದರೆ, ಬೇರೆ ಕಂಪ್ಯೂಟರ್ ಆ ಪಾಸ್‌ವರ್ಡನ್ನು ಕೇಳುವುದೇ ಇಲ್ಲ.

ನನ್ನೊಬ್ಬನಿಗೇ ಹೀಗಾಯಿತೇನೋ ಅಂತ ಓದುತ್ತಾ ಹೋದಾಗ ಹಳೆಯ ಸಂಶೋಧನೆಯೊಂದು ಸಿಕ್ಕಿತು. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ ಎಂಬಿಬ್ಬರು ವಿದ್ಯಾರ್ಥಿಗಳು 158 ಹಳೇ ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷಿಸಿ 2003ರಲ್ಲಿ ಅದರ ಬಗ್ಗೆ ಬರೆದರು. ಅದರಲ್ಲಿ 129 ಕೆಲಸ ಮಾಡುತ್ತಿದ್ದವು. ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ 5000ಕ್ಕೂ ಜಾಸ್ತಿ ಕ್ರೆಡಿಟ್ ಕಾರ್ಡ್ ನಂಬರ್ ಸಿಕ್ಕವು. ಒಂದು ಡಿಸ್ಕ್ ಎಟಿಎಂನಲ್ಲಿ ಇದ್ದಿದ್ದು. ಬ್ಯಾಂಕಿನವರಿಗೇ ಹಾಗಾಗುತ್ತದೆ ಅಂದರೆ, ಅಂಗಡಿಯವರು ನಿಮ್ಮ ಪರವಾಗಿ ಫಾರ್ಮ್ಯಾಟ್ ಹೊಡೆಯುತ್ತಾರೆ ಅಂತ ಹೇಗೆ ನಂಬುತ್ತೀರಿ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಹೇಗೆ ಅಳಿಸುವುದು' ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಡಿಸ್ಕ್ ಮಾರುವುದೇ ಯಾಕೆ? ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಮಾರಿ. ಅಂಗಡಿಯವರಿಗೆ ಬೇಕಾಗಿರುವುದು ಸ್ಕ್ರೀನ್, ಕೀಬೋರ್ಡ್, ರ‍್ಯಾಮ್, ಬಾಡಿ. ಡಿಸ್ಕ್ ಇಲ್ಲ ಅಂದರೆ ಬೆಲೆ ಸ್ವಲ್ಪ ಇಳಿಸುತ್ತಾರೆ, ಇಳಿಸಲಿ. ಆ ಡಿಸ್ಕನ್ನು ಕೇಸ್‌ಗೆ ಹಾಕಿಕೊಂಡರೆ ಬ್ಯಾಕಪ್‌ಗೆ ಬರುತ್ತದೆ. ಒಳಗೆ ಉಳಿದ ಫೋಟೋಗಳೂ ಕೈಗೆ ಸಿಗುತ್ತವೆ.

ಬಿಚ್ಚುವುದು ಕಷ್ಟವಲ್ಲ. ಚಾರ್ಜರ್ ತೆಗೆಯಿರಿ. ಹಿಂಬದಿಯ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ. ಕೆಲವು ಮಾಡೆಲ್‌ಗಳಲ್ಲಿ ಒಂದೆರಡು ಸ್ಕ್ರೂ ರಬ್ಬರ್ ಕಾಲಿನ ಅಡಿ ಅಡಗಿರುತ್ತವೆ. ಮುಚ್ಚಳ ಬಂದ ತಕ್ಷಣ ಮೊದಲು ಬ್ಯಾಟರಿಯ ಕನೆಕ್ಟರ್ ಕೀಳಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ ರಿಪೇರಿಯವರ ಹತ್ತಿರ ಒಯ್ದು, ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಹಳೇ ಲ್ಯಾಪ್‌ಟಾಪಿನಲ್ಲಿ ಎರಡೂವರೆ ಇಂಚಿನ ಚಪ್ಪಟೆ ಪೆಟ್ಟಿಗೆ ಇರುತ್ತದೆ, ಅದೇ ಡಿಸ್ಕ್. ಹೊಸದರಲ್ಲಿ ಎಂ.2 ಎಸ್‌ಎಸ್‌ಡಿ ಇರುತ್ತದೆ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್. ಸಾಮಾನ್ಯವಾಗಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ತೆಳು ಪಟ್ಟಿ, ತುದಿಯಲ್ಲಿ ಒಂದೇ ಸ್ಕ್ರೂ. ಕೆಲವು ಲ್ಯಾಪ್‌ಟಾಪಿನಲ್ಲಿ ಎರಡೂ ಇರುತ್ತವೆ. ಒಂದು ತೆಗೆದು ಮುಗಿಯಿತು ಅಂದುಕೊಳ್ಳಬೇಡಿ.

ಬರೀ ಸ್ಕ್ರೀನ್ ಹೋಗಿದ್ದರೂ 'ಆನ್ ಆಗಲ್ಲ' ಅನ್ನಿಸುತ್ತದೆ. ಎಚ್‌ಡಿಎಂಐ ತಂತಿ ಹಾಕಿ ಟಿವಿಗೆ ಕೊಟ್ಟು ನೋಡಿ. ಚಿತ್ರ ಬಂದರೆ ಕೆಲಸ ಸುಲಭ. ಬೇಕಾದ್ದನ್ನು ಕಾಪಿ ಮಾಡಿಕೊಂಡು, ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್ ದಿಸ್ ಪಿಸಿ', ಅದರಲ್ಲಿ 'ರಿಮೂವ್ ಎವೆರಿಥಿಂಗ್' ಆರಿಸಿ. 'ಚೇಂಜ್ ಸೆಟ್ಟಿಂಗ್ಸ್' ಒಳಗೆ ಹೋಗಿ 'ಕ್ಲೀನ್ ಡೇಟಾ' ಆನ್ ಮಾಡುವುದನ್ನು ಮಾತ್ರ ಮರೆಯಬೇಡಿ.

ಡಿಸ್ಕ್ ಸಮೇತವೇ ಮಾರಬೇಕು ಅಂತ ಹಟವಿದ್ದರೆ ಹೀಗೆ ಮಾಡಿ. ತಿರುಗುವ ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಕೇಸ್‌ಗೆ ಹಾಕಿ, ಬೇರೆ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿ, ವಿಂಡೋಸ್‌ನಲ್ಲೇ ಇರುವ, ಕಮಾಂಡ್ ಟೈಪ್ ಮಾಡಿ ಬಳಸುವ ಡಿಸ್ಕ್‌ಪಾರ್ಟ್‌ನಲ್ಲಿ 'ಕ್ಲೀನ್ ಆಲ್' ಕೊಡಿ. ಬರೀ 'ಕ್ಲೀನ್' ಸಾಲದು, ಅದು ಇಡೀ ಡಿಸ್ಕ್ ಮುಟ್ಟುವುದಿಲ್ಲ. ಡಿಸ್ಕ್ ನಂಬರ್ ಆರಿಸುವಾಗ ಸೈಜ್ ನೋಡಿ ಖಚಿತ ಮಾಡಿಕೊಳ್ಳಿ. ತಪ್ಪು ನಂಬರ್ ಕೊಟ್ಟರೆ ಪಕ್ಕದಲ್ಲಿರುವ ಒಳ್ಳೆಯ ಡಿಸ್ಕ್ ಖಾಲಿಯಾಗುತ್ತದೆ. ಏಳು ಸಲ, ಮೂವತ್ತೈದು ಸಲ ಬರೆಯಬೇಕು ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆಯಾದ ನಿಸ್ಟ್‌ನ 2014ರ ಮಾರ್ಗಸೂಚಿ ಪ್ರಕಾರ ಇಂಥ ಡಿಸ್ಕ್‌ಗೆ ಸಾಮಾನ್ಯವಾಗಿ ಒಂದು ಸಲ ಸೊನ್ನೆ ಬರೆದರೆ ಸಾಕು.

ಎಸ್‌ಎಸ್‌ಡಿ ಲೆಕ್ಕ ಬೇರೆ. ಸವೆತ ಹಂಚಿಹೋಗಲಿ ಅಂತ ಅದು ಎಲ್ಲಿ ಬರೆಯಬೇಕು ಅನ್ನುವುದನ್ನು ತಾನೇ ತೀರ್ಮಾನಿಸುತ್ತದೆ. ನೀವು ಮೇಲೆ ಸೊನ್ನೆ ಬರೆದರೂ ಹಳೇ ತುಣುಕು ಒಳಗೆ ಉಳಿಯಬಹುದು. ಅದಕ್ಕೆ ಆ ಎಸ್‌ಎಸ್‌ಡಿ ಮಾಡಿದ ಕಂಪನಿಯೇ ಕೊಡುವ ಸಾಫ್ಟ್‌ವೇರಿನಲ್ಲಿ 'ಸೆಕ್ಯೂರ್ ಇರೇಸ್' ಇದ್ದರೆ ಅದನ್ನೇ ಬಳಸಿ. ಅದು ಯುಎಸ್‌ಬಿ ಕೇಸ್ ಮೂಲಕ ನಡೆಯದೇ ಇರಬಹುದು. ಆಗ ಕಂಪ್ಯೂಟರಿನ ಒಳಗೇ ಕೂರಿಸಬೇಕಾಗುತ್ತದೆ. ಇಷ್ಟೆಲ್ಲ ಒದ್ದಾಟ ಯಾಕೆ ಅಂತಲೇ ನಾನು ಬಿಚ್ಚಿಟ್ಟುಕೊಳ್ಳಿ ಅನ್ನುವುದು.

ಡಿಸ್ಕೇ ಸತ್ತಿದ್ದರೆ ಯಾವ ಸಾಫ್ಟ್‌ವೇರೂ ಬರುವುದಿಲ್ಲ, ಒಡೆಯಬೇಕು. ಬೀರುವಿನ ಅಯಸ್ಕಾಂತ ತಂದು ಉಜ್ಜಿದರೆ ಏನೂ ಆಗುವುದಿಲ್ಲ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದು. ಕಣ್ಣಿಗೆ ಕನ್ನಡಕ ಹಾಕಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಹೊಡೆಯಿರಿ. ಎಸ್‌ಎಸ್‌ಡಿಯಾದರೆ ಅದರ ಮೇಲಿನ ಒಂದೊಂದು ಕಪ್ಪು ಚಿಪ್ ಅನ್ನೂ ಒಡೆಯಬೇಕು. ಬ್ಯಾಟರಿ ಒಳಗಿರುವ ಲ್ಯಾಪ್‌ಟಾಪಿಗೆ ಮಾತ್ರ ಸುತ್ತಿಗೆ ಹಚ್ಚಬೇಡಿ, ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳುತ್ತದೆ. ಚೂರುಗಳನ್ನು ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ತೆಳುವಾದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಈಚಿನ ಮ್ಯಾಕ್‌ಬುಕ್‌ಗಳಲ್ಲಿ ಡೇಟಾ ಇಡುವ ಚಿಪ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಬಿಚ್ಚಲು ಬರುವುದಿಲ್ಲ. 2018ರಿಂದ ಈಚೆಗೆ ಟಿ2 ಎಂಬ ಭದ್ರತಾ ಚಿಪ್ ಅಥವಾ ಆಪಲ್‌ನದೇ ಪ್ರೊಸೆಸರ್ ಇರುವ ಮ್ಯಾಕ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಮ್ಯಾಕ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಸೌಲಭ್ಯ ಫೈಲ್‌ವಾಲ್ಟ್ ಕೂಡ ಆನ್ ಮಾಡಿದ್ದಿರಿ ಅಂದರೆ ಹೆದರಿಕೆ ಕಡಿಮೆ. ವಿಂಡೋಸ್‌ನದಾದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ ಲ್ಯಾಪ್‌ಟಾಪ್ ಹೆಸರಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ರಿಕವರಿ ಕೀ ಇದೆಯಾ ನೋಡಿ. ಇದ್ದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಇಲ್ಲದಿದ್ದರೆ, ನನ್ನ ಮಾತು ಕೇಳುವುದಾದರೆ, ಆ ಬೋರ್ಡ್ ಮಾರಲೇಬೇಡಿ.

ಇವತ್ತೇ, ಡಿಸ್ಕ್ ಬಿಚ್ಚುವ ಮೊದಲೇ ಮಾಡಬಹುದಾದದ್ದೂ ಇದೆ. ಫೋನಿನಿಂದ ಗೂಗಲ್ ಅಕೌಂಟಿನ ಸೆಕ್ಯುರಿಟಿಗೆ ಹೋಗಿ ಆ ಲ್ಯಾಪ್‌ಟಾಪನ್ನು ಸೈನ್ ಔಟ್ ಮಾಡಿ. ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್'ನಿಂದ ತೆಗೆಯಿರಿ. ಬ್ರೌಸರ್‌ನಲ್ಲಿ ಸೇವ್ ಮಾಡಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಬ್ಯಾಂಕಿನದು ಮೊದಲು. ಬೇರೆಯವರ ಕಾಗದ ನಿಮ್ಮಲ್ಲೂ ಇದ್ದು, ಡಿಸ್ಕ್ ಆಗಲೇ ಕೈಬಿಟ್ಟು ಹೋಗಿದ್ದರೆ ಮುಚ್ಚಿಡಬೇಡಿ. ಅವರಿಗೆ ಹೇಳಿ ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಸಿ. ಅವರ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ಅಂತ ಸಿಬಿಲ್ ವರದಿ ತೆಗೆದು ನೋಡಿ, ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತದೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಆ ಟೀಚರ್ ಅವರ ಫೋನಿನಲ್ಲಿ ಬಯೋಮೆಟ್ರಿಕ್ ಲಾಕ್ ನಾನೇ ಕೂತು ಮಾಡಿಕೊಟ್ಟೆ. ಅವರು ಈಗಲೂ ನನ್ನ ಹತ್ತಿರವೇ ರಿಟರ್ನ್ಸ್ ತುಂಬಿಸುತ್ತಾರೆ.