ಅಮ್ಮನ ಆಪರೇಷನ್‌ಗೆ ಮುಂಚೆ ‘ಸ್ಟಡಿಗೆ ಸೇರಿಸ್ತೀವಿ, ಸಹಿ ಹಾಕಿ’ ಅಂತಿದ್ದಾರೆ. ಹಾಕಬಹುದಾ?

ನೀವು ಕೇಳಿರೋದು ಇಷ್ಟು: ಮುಳಬಾಗಿಲು ಕಡೆಯ ನಿಮ್ಮ ತಾಯಿ, 70 ದಾಟಿದವರು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡಿದ್ದಾರೆ. ಕೋಲಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಆಪರೇಷನ್ ಗೊತ್ತಾಗಿದೆ. ಅನಸ್ತೇಷಿಯಾ (ಅರಿವಳಿಕೆ) ವಿಭಾಗದಲ್ಲಿ ಪಿಜಿ, ಅಂದರೆ ಸ್ನಾತಕೋತ್ತರ ಓದ್ತಿರೋ ಡಾಕ್ಟರೊಬ್ಬರು ಬಂದು, ‘ನೋವು ಕಡಿಮೆ ಮಾಡೋ ಬ್ಲಾಕ್ ಎರಡು ಥರ ಇದೆ, ಯಾವುದು ವಾಸಿ ಅಂತ ನೋಡ್ತಿದ್ದೀವಿ, ಸಹಿ ಹಾಕಿ’ ಅಂತ ಫಾರಂ ಕೊಟ್ಟಿದ್ದಾರೆ. ನಿಮ್ಮ ಸೋದರಮಾವ ‘ನಮ್ಮನ್ನ ಪ್ರಯೋಗದ ಇಲಿ ಮಾಡ್ಕೊಂಡವ್ರೆ, ನಡೀರಿ ಪುತ್ತೂರಿಗೆ ಹೋಗಿ ಕಟ್ಟು ಕಟ್ಟಿಸೋಣ’ ಅಂತಿದ್ದಾರೆ.

ಫಾರಂ ವಿಷಯ ಆಮೇಲೆ. ಮೊದಲು, ಆಂಧ್ರದ ಪುತ್ತೂರಿನ ಮೂಳೆ ಕಟ್ಟು ಬೇಡ. ಕೈ ಮುರಿದವರು ಗಡಿ ದಾಟಿ ಹೋಗಿ ಕಟ್ಟು ಹಾಕಿಸಿಕೊಂಡು ಬರೋದು ನಮ್ಮ ಕಡೆ ಮೂರು ತಲೆಮಾರಿನ ಅಭ್ಯಾಸ, ಅದರ ಮೇಲೆ ಈಗ ವಾದ ಬೇಡ. ಆದರೆ ವಯಸ್ಸಾದವರ ತೊಡೆಮೂಳೆ ಸೊಂಟದ ಹತ್ತಿರ ಮುರಿದರೆ ಕಟ್ಟು ಅದನ್ನ ಹಿಡಿದು ನಿಲ್ಲಿಸೋಲ್ಲ. ತಿಂಗಳುಗಟ್ಟಲೆ ಮಲಗಿದಲ್ಲೇ ಮಲಗಿದರೆ ಬೆನ್ನು ಹುಣ್ಣಾಗುತ್ತೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಈ ವಯಸ್ಸಿನವರ ಜೀವ ತೆಗೆಯೋದು ಮುರಿದ ಮೂಳೆಯಲ್ಲ, ಇವು.

ನಾನು ಡಾಕ್ಟರಲ್ಲ. ಈ ಜಿಲ್ಲೆಯವನೇ, ಆಸ್ಪತ್ರೆಯೊಂದರಲ್ಲಿ ಸ್ಟಡಿ ಕೋಆರ್ಡಿನೇಟರ್ ಕೆಲಸ. ಅಂದರೆ ಫಾರಂ ಹಿಡಿದುಕೊಂಡು ವಾರ್ಡ್ ವಾರ್ಡ್ ತಿರುಗೋದು, ಕನ್ನಡದಲ್ಲಿ ತಿಳಿಯದವರಿಗೆ ತೆಲುಗಲ್ಲಿ ಹೇಳೋದು, ಮನೆಗೆ ಹೋದ ಮೇಲೆ ಫೋನ್ ಮಾಡಿ ಹೇಗಿದ್ದಾರೆ ಅಂತ ಕೇಳಿ ಬರೆದುಕೊಳ್ಳೋದು. ‘ಎಂದುಕು ನಾಯನಾ ಅಂತ ರಕ್ತಂ?’ (ಯಾಕಪ್ಪಾ ಅಷ್ಟೊಂದು ರಕ್ತ?) ಅಂತ ಬೈಸಿಕೊಳ್ಳೋದೂ ಈ ಕೆಲಸದ ಭಾಗವೇ. ಐದು ಎಂ.ಎಲ್. ಅಂದರೆ ಒಂದು ಟೀ ಚಮಚದಷ್ಟು ಅಂತ ಚಮಚ ತೋರಿಸಿ ಹೇಳಿದ ಮೇಲೇ ಅಜ್ಜಿಯರು ಕೈ ಚಾಚೋದು.

ಎಂಡಿ, ಎಂಎಸ್ ಅಂತ ಪಿಜಿ ಓದುವ ಪ್ರತಿ ಡಾಕ್ಟರೂ ಮೂರು ವರ್ಷದೊಳಗೆ ಒಂದು ಪ್ರಬಂಧ ಬರೆಯಲೇಬೇಕು. ನೀವು ವಾರ್ಡಿನಲ್ಲಿ ನೋಡುವ ‘ಸ್ಟಡಿ’ಗಳಲ್ಲಿ ಬಹುಪಾಲು ಇವೇ. ಎಷ್ಟೋ ಸ್ಟಡಿಗಳಲ್ಲಿ ನಿಮ್ಮ ಫೈಲಿನಿಂದ ಬಿಪಿ, ಶುಗರ್, ಎಕ್ಸ್‌ರೇ ವಿವರ ಬರೆದುಕೊಳ್ತಾರೆ, ಅಷ್ಟೇ. ಕೆಲವದರಲ್ಲಿ ಹೇಗೂ ತೆಗೆಯೋ ರಕ್ತದ ಜೊತೆ ಇನ್ನೊಂದು ಟ್ಯೂಬ್ ತೆಗೀತಾರೆ. ಇನ್ನು ಕೆಲವದರಲ್ಲಿ, ನಿಮ್ಮ ತಾಯಿಯ ಹಾಗೆ, ಈಗಾಗಲೇ ಬಳಕೆಯಲ್ಲಿರೋ ಎರಡು ವಿಧಾನಗಳಲ್ಲಿ ಒಂದನ್ನ ಕೊಟ್ಟು ಹೋಲಿಸ್ತಾರೆ. ಹೊಸ ಔಷಧಿಯನ್ನ ಮನುಷ್ಯರ ಮೇಲೆ ಪರೀಕ್ಷೆ ಮಾಡೋದು ಬೇರೆಯೇ ದರ್ಜೆ. ಅದಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕು, 2019ರ ನಿಯಮಗಳು ಲಾಗು, ಹೆಚ್ಚುಕಮ್ಮಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎಲ್ಲ ಕಾನೂನಿನಲ್ಲೇ ಇದೆ. ನಿಮ್ಮ ಮಾವನ ತಲೆಯಲ್ಲಿರೋ ಇಲಿ ಈ ದರ್ಜೆಯದು. ನಿಮ್ಮ ಕೈಲಿರೋ ಫಾರಂ ಅದಲ್ಲ.

ಬ್ಲಾಕ್ ಅಂದರೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಸೊಂಟದ ಆಪರೇಷನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನ ಭಾಗ ಮರಗಟ್ಟಿಸ್ತಾರೆ. ಆ ಸೂಜಿ ಹಾಕಬೇಕಾದರೆ ಪೇಷಂಟು ಎದ್ದು ಕೂತು ಬೆನ್ನು ಬಗ್ಗಿಸಬೇಕು, ಇಲ್ಲ ಮಗ್ಗುಲಾಗಬೇಕು. ಮೂಳೆ ಮುರಿದಿರೋ ಅಜ್ಜಿಯನ್ನ ಟೇಬಲ್ ಮೇಲೆ ಕೂರಿಸೋದು ಅಂದರೆ ಅವರ ಕೂಗು ಕಾರಿಡಾರಿನ ಕೊನೆಗೂ ಕೇಳುತ್ತೆ. ಅದಕ್ಕೇ ಮುಂಚೆ ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ತೊಡೆಯ ಬುಡದಲ್ಲಿ, ನೋವು ಒಯ್ಯೋ ನರಗಳ ಸುತ್ತ ಮರಗಟ್ಟೋ ಔಷಧಿ ಬಿಡ್ತಾರೆ. ಹಳೇದು ಫ್ಯಾಸಿಯಾ ಇಲಿಯಾಕ ಬ್ಲಾಕ್. ಹೊಸದು ‘ಪೆಂಗ್’ ಬ್ಲಾಕ್, ಕೆನಡಾದ ಟೊರಾಂಟೊದ ಡಾಕ್ಟರುಗಳು 2018ರಲ್ಲಿ ಬರೆದು ತೋರಿಸಿದ್ದು. ಈಗ ನಮ್ಮ ಕಡೆಯ ಕಾಲೇಜುಗಳಲ್ಲೂ ದಿನಬಳಕೆಯ ವಿಧಾನ. ನಿಮ್ಮ ತಾಯಿಗೆ ಯಾವುದು ಕೊಟ್ಟರೂ ಏನೂ ಕೊಡದಿರೋದಕ್ಕಿಂತ ವಾಸಿ.

ಯಾರಿಗೆ ಯಾವುದು ಅಂತ ಡಾಕ್ಟರು ಮನಸ್ಸಿಗೆ ಬಂದ ಹಾಗೆ ಆರಿಸೋ ಹಾಗಿಲ್ಲ. ಕಂದು ಬಣ್ಣದ ಲಕೋಟೆಗಳನ್ನ ಮೊದಲೇ ನಂಬರ್ ಹಾಕಿ, ಅಂಟಿಸಿ ಇಟ್ಟಿರ್ತಾರೆ. ಬೆಳಕಿಗೆ ಹಿಡಿದರೂ ಒಳಗಿನ ಚೀಟಿ ಕಾಣಬಾರದು. ಪೇಷಂಟು ಒಪ್ಪಿ ಸಹಿ ಮಾಡಿದ ಮೇಲೇ ಅವರ ಸರದಿಯ ಲಕೋಟೆ ಒಡೆಯೋದು. ಇಲ್ಲದಿದ್ದರೆ ಏನಾಗುತ್ತೆ ಅಂದರೆ, ಡಾಕ್ಟರಿಗೆ ಹೊಸ ವಿಧಾನದ ಮೇಲೆ ಪ್ರೀತಿ ಇದ್ದರೆ ಗಟ್ಟಿಮುಟ್ಟಾದವರೆಲ್ಲ ಹೊಸದಕ್ಕೆ, ಸೋತು ಸೊರಗಿದವರೆಲ್ಲ ಹಳೇದಕ್ಕೆ ಹೋಗ್ತಾರೆ. ಆಮೇಲೆ ಹೊಸದೇ ಗೆದ್ದಿತು ಅಂತ ಬರೆದರೆ ಅದಕ್ಕೆ ಕಾಸಿನ ಬೆಲೆ ಇಲ್ಲ. ನೋವು ಅಳೆಯೋರಿಗೂ ಯಾರಿಗೆ ಯಾವ ಬ್ಲಾಕ್ ಅಂತ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೇದು. ಈ ನೋವು ಅಳೆಯೋದೇ ಒಂದು ತಮಾಷೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದರೆ ವಯಸ್ಸಾದವರು ಮುಖ ನೋಡ್ತಾರೆ. ರೂಪಾಯಿಗೆ ಎಷ್ಟಾಣೆ ನೋವು ಅಂತ ಕೇಳಿ ನೋಡಿ, ತಟ್ಟನೆ ‘ಹದಿನಾರಾಣೆ!’ ಅನ್ನುತ್ತೆ ಅಜ್ಜಿ. ಬ್ಲಾಕ್ ಆದ ಅರ್ಧ ಗಂಟೆಗೆ ‘ನಾಲ್ಕಾಣೆ ಇರಬೋದು’ ಅನ್ನುತ್ತೆ.

‘ಇದರಿಂದ ನಮಗೇನು ಲಾಭ?’ ಅಂತಲೂ ಕೇಳಿದ್ದೀರಿ. ನೇರವಾಗಿ ನಿಮ್ಮ ತಾಯಿಗೆ ಹೆಚ್ಚಿಗೆ ಏನೂ ಇಲ್ಲ. ‘ಸ್ಟಡಿಗೆ ಸೇರಿದರೆ ಸ್ಪೆಷಲ್ ಆಗಿ ನೋಡ್ಕೋತೀವಿ’ ಅಂತ ಯಾರಾದರೂ ಅಂದರೆ ಅದು ತಪ್ಪು ಮಾತು. ಆದರೆ ನಿಮ್ಮ ತಾಯಿಗೆ ನಾಳೆ ಸಿಗೋ ಚಿಕಿತ್ಸೆಯಲ್ಲಿ ಮುಂಚೆ ಸಹಿ ಹಾಕಿದವರ ಪಾಲಿದೆ. ಸೊಂಟದ ಮುರಿತವನ್ನೇ ತಗೊಳ್ಳಿ. 17 ದೇಶಗಳ 69 ಆಸ್ಪತ್ರೆಗಳಲ್ಲಿ, ನಮ್ಮ ದೇಶದವೂ ಸೇರಿ, 2,970 ಜನರನ್ನ ಸೇರಿಸಿಕೊಂಡು ಒಂದು ಸ್ಟಡಿ ಆಯಿತು, 2020ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿಗೆ ಮುರಿತ ಗೊತ್ತಾದ ಸುಮಾರು 6 ಗಂಟೆಯಲ್ಲಿ ಆಪರೇಷನ್, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ. ಸಾವಿನಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ, ಬೇಗ ಆದವರಲ್ಲಿ 9, ತಡವಾದವರಲ್ಲಿ 10 ಪರ್ಸೆಂಟ್. ಆದರೆ ಬೇಗ ಆಪರೇಷನ್ ಆದವರಲ್ಲಿ ಆಸ್ಪತ್ರೆಯಲ್ಲಿ ಬುದ್ಧಿ ಭ್ರಮಣೆಯಾಗಿ ಬಡಬಡಿಸೋದು ಕಡಿಮೆ, ಮೂತ್ರದ ಸೋಂಕು ಕಡಿಮೆ, ಬೇಗ ಎದ್ದು ನಿಂತರು. ಅಂದರೆ ಕೆಲವು ಗಂಟೆ ತಡವಾಯಿತು ಅಂತ ಡ್ಯೂಟಿ ಡಾಕ್ಟರ ಜೊತೆ ಜಗಳಕ್ಕೆ ನಿಲ್ಲಬೇಡಿ. ಆರೋಗ್ಯ ಕಾರ್ಡಿನ ಅಪ್ರೂವಲ್ಲು, ರಕ್ತ ತೆಳು ಮಾಡೋ ಮಾತ್ರೆ, ಹೃದಯದ ಎಕೋ ರಿಪೋರ್ಟು ಅಂತ ದಿನಗಟ್ಟಲೆ ಎಳೆದರೆ ಮಾತ್ರ ಕಾರಣ ಕೇಳಿ.

ಪೂರ್ತಿ ಪ್ರಜ್ಞೆ ತಪ್ಪಿಸೋದಾ, ಬೆನ್ನಿಗೆ ಕೊಡೋದಾ ಅನ್ನೋ ಚರ್ಚೆ ಪ್ರತಿ ಮನೆಯಲ್ಲೂ ಇದ್ದದ್ದೇ. ‘ಬೆನ್ನಿಗೆ ಕೊಟ್ಟರೆ ಜೀವನಪೂರ್ತಿ ಬೆನ್ನುನೋವು’ ಅನ್ನೋರು ಒಬ್ಬರು, ‘ಪ್ರಜ್ಞೆ ತಪ್ಪಿಸಿದರೆ ಏಳೋದೇ ಇಲ್ಲ’ ಅನ್ನೋರು ಇನ್ನೊಬ್ಬರು. ಅಮೆರಿಕ, ಕೆನಡಾದ 1,600 ಸೊಂಟ ಮುರಿತದ ಪೇಷಂಟುಗಳ ಮೇಲೆ ಇದನ್ನೇ ನೋಡಿ 2021ರಲ್ಲಿ ಬರೆದರು: 60 ದಿನಕ್ಕೆ ತೀರಿಕೊಂಡವರು ಮತ್ತು ಸ್ವಂತವಾಗಿ ನಡೆಯೋಕೆ ಆಗದವರು ಸೇರಿ, ಬೆನ್ನಿಗೆ ಕೊಟ್ಟವರಲ್ಲಿ 18.5 ಪರ್ಸೆಂಟ್, ಪ್ರಜ್ಞೆ ತಪ್ಪಿಸಿದವರಲ್ಲಿ 18. ಹೆಚ್ಚುಕಮ್ಮಿ ಒಂದೇ. ಹಾಗಾಗಿ ನಿಮ್ಮ ತಾಯಿಯ ಎದೆ, ಶ್ವಾಸಕೋಶ ನೋಡಿ ಅನಸ್ತೇಷಿಯಾದವರು ಯಾವುದು ಹೇಳಿದರೂ ಒಪ್ಪಿ.

ಬೇರೆ ವಿಭಾಗಗಳಲ್ಲೂ ನನಗೆ ಮೆಚ್ಚುಗೆಯಾದವು ಎಲ್ಲ ಅಗ್ಗದ ಸಾಮಾನು. ಆಕ್ಸಿಡೆಂಟ್ ಆಗಿ ರಕ್ತ ಹೋಗ್ತಿರೋರಿಗೆ ಬೇಗ ಕೊಡೋ, ರಕ್ತಸ್ರಾವ ತಗ್ಗಿಸೋ ಟ್ರಾನೆಕ್ಸಾಮಿಕ್ ಆಸಿಡ್ ಜೀವ ಉಳಿಸುತ್ತೆ ಅಂತ 2010ರಲ್ಲಿ ತೋರಿಸಿದ್ದು 40 ದೇಶಗಳ 20,211 ಪೇಷಂಟುಗಳು. ಅದೇ ಇಂಜೆಕ್ಷನ್ ಇವತ್ತು ಹೆರಿಗೆ ವಾರ್ಡಿನಲ್ಲೂ ಇದೆ, ಮೂಳೆ ಆಪರೇಷನ್‌ನಲ್ಲೂ ಇದೆ. ಹೆರಿಗೆ ನೋವಿನಲ್ಲಿರೋ ತಾಯಿಗೆ ಒಂದೇ ಸಲ 2 ಗ್ರಾಂ ಅಜಿತ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರೆ ನಂಜೇರಿಕೆ ಕಡಿಮೆ ಅಂತ 2023ರಲ್ಲಿ ಗೊತ್ತಾಗಿದ್ದರಲ್ಲಿ ನಮ್ಮ ಬೆಳಗಾವಿಯ ತಾಯಂದಿರೂ ಇದ್ದರು. ಬಾಯಿ ಕ್ಯಾನ್ಸರ್ ನಮ್ಮ ಜಿಲ್ಲೆಗೆ ಹೊಸದಲ್ಲ, ಕಡ್ಡಿಪುಡಿ, ಎಲೆಅಡಿಕೆ ಇರೋವರೆಗೂ ಇರುತ್ತೆ. ಆರಂಭದ ಹಂತದಲ್ಲಿ, ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ ಅಲ್ಲಿನ ಗ್ರಂಥಿಗಳನ್ನ ಮೊದಲೇ ತೆಗೆದರೆ ಮೂರು ವರ್ಷಕ್ಕೆ ಬದುಕಿರೋರು 80 ಪರ್ಸೆಂಟ್, ಗಂಟು ಕಾಣಿಸಿದಾಗ ತೆಗೆಯೋಣ ಅಂತ ಕಾದರೆ 67.5. ಮುಂಬೈಯ ಟಾಟಾ ಆಸ್ಪತ್ರೆಯವರು 2015ರಲ್ಲಿ ಇದನ್ನ ತೋರಿಸಿದ ಮೇಲೆ ಎಷ್ಟೋ ವರ್ಷದ ವಾದ ತಣ್ಣಗಾಯಿತು.

ಇನ್ನೊಂದು ಹೇಳದೇ ಇರೋಕಾಗೋಲ್ಲ. ಟಿಬಿ ಇರೋರ ಮನೆಯವರಿಗೆ ತಿಂಗಳಿಗೆ ತಲೆಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟು ನೋಡಿದರು, ಜಾರ್ಖಂಡಿನಲ್ಲಿ. ಮುಂದೆ ನಿಂತು ಮಾಡಿಸಿದವರು ಮಂಗಳೂರಿನ ಮೆಡಿಕಲ್ ಕಾಲೇಜೊಂದರ ಪ್ರೊಫೆಸರ್ ಡಾ. ಅನುರಾಗ್ ಭಾರ್ಗವ. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು 39 ಪರ್ಸೆಂಟ್ ಕಡಿಮೆಯಾಯಿತು ಅಂತ 2023ರಲ್ಲಿ ಪ್ರಕಟವಾಯಿತು. ಇದರಲ್ಲಿ ಹೊಸ ಔಷಧಿ ಒಂದೂ ಇಲ್ಲ, ರೇಷನ್ ಅಂಗಡಿಯ ಸಾಮಾನು.

ಕೆಲಸ ಮಾಡೋಲ್ಲ ಅಂತ ತೋರಿಸಿದ ಸ್ಟಡಿಗಳೂ ಅಷ್ಟೇ ಬೆಲೆಯವು. ಕೋವಿಡ್ ಹೊತ್ತಿನಲ್ಲಿ ‘ಪ್ಲಾಸ್ಮಾ ಬೇಕು’ (ವಾಸಿಯಾದವರ ರಕ್ತದಿಂದ ತೆಗೆಯೋ ದ್ರವ) ಅಂತ ವಾಟ್ಸಾಪಿನಲ್ಲಿ ಬರ್ತಿದ್ದ ಮೆಸೇಜು ನೆನಪಿದೆಯಾ? ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು 39 ಆಸ್ಪತ್ರೆಗಳಲ್ಲಿ 464 ಜನರ ಮೇಲೆ ನೋಡಿ, ಪ್ರಯೋಜನವಿಲ್ಲ ಅಂತ 2020ರಲ್ಲೇ ಬರೆದರು. ಆದರೂ 2021ರ ಮೇ ತಿಂಗಳಲ್ಲಿ ಮಾರ್ಗಸೂಚಿಯಿಂದ ತೆಗೆಯೋವರೆಗೆ ಜನ ಸಾಲ ಮಾಡಿ ಹುಡುಕಿದರು. ಅದೇ ಹೊತ್ತಿಗೆ ಡೆಕ್ಸಾಮೆಥಸೋನ್ ಅನ್ನೋ ಹಳೇ ಸ್ಟಿರಾಯ್ಡ್, ವೆಂಟಿಲೇಟರಿನಲ್ಲಿದ್ದವರ ಸಾವನ್ನ ಮೂರನೇ ಒಂದು ಪಾಲು ಇಳಿಸುತ್ತೆ ಅಂತ ಬ್ರಿಟನ್ನಿನ ಸ್ಟಡಿಯಿಂದ ಗೊತ್ತಾಗಿತ್ತು. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಲಾಭ ಇಲ್ಲ ಅಂತಲೂ ಅದರಲ್ಲೇ ಇತ್ತು. ನಮ್ಮಲ್ಲಿ ಮೊದಲರ್ಧ ಮಾತ್ರ ಕೇಳಿಸಿಕೊಂಡು ಜ್ವರ ಬಂದ ದಿನವೇ ನುಂಗಿದವರು ಬಹಳ.

ಈಗ ನಿಮ್ಮ ಫಾರಂ. ಆರೇಳು ಪುಟ, ಪುಸ್ತಕದ ಕನ್ನಡ. ಓದಿ ಗೊತ್ತಾಗದಿದ್ದರೆ ಆ ಪಿಜಿ ಡಾಕ್ಟರನ್ನ ಕೂರಿಸಿಕೊಂಡು ಬಾಯಲ್ಲಿ ಹೇಳಿಸಿಕೊಳ್ಳಿ, ನಿಮ್ಮ ತಾಯಿಗೇ ಹೇಳಲಿ. ಅವರಿಗೆ ಜ್ಞಾನ ಸರಿಯಾಗಿದ್ದರೆ ಒಪ್ಪಬೇಕಾದವರು ಅವರು, ನೀವಲ್ಲ, ಮಾವ ಅಂತೂ ಅಲ್ಲ. ಹೆಬ್ಬೆಟ್ಟು ಹಾಕೋರಾದರೆ ಸ್ಟಡಿಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಕೂತು ಕೇಳಿ ಸಹಿ ಮಾಡಬೇಕು. ಸ್ಟ್ರೆಚರ್ ಓಟಿ ಬಾಗಿಲಿಗೆ ಬಂದ ಮೇಲೆ ಇಂಕ್ ಪ್ಯಾಡ್ ಹಿಡಿದು ಓಡಿ ಬಂದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ, ಎಲ್ಲಿ ಅಂತ ಬೇಡ. ಹಾಗೆ ಮಾಡಿದರೆ ಮುಲಾಜಿಲ್ಲದೆ ಆಗೋಲ್ಲ ಅನ್ನಿ.

ಕೇಳಬೇಕಾದ್ದು: ಬೇಡ ಅಂದರೆ ಅಮ್ಮನಿಗೆ ಯಾವ ಬ್ಲಾಕ್ ಕೊಡ್ತೀರಿ? ‘ಎರಡರಲ್ಲಿ ಒಂದು ಕೊಟ್ಟೇ ಕೊಡ್ತೀವಿ’ ಅನ್ನೋದು ಸರಿಯಾದ ಉತ್ತರ. ಸ್ಟಡಿಗೋಸ್ಕರ ಮಾಡೋ ಹೆಚ್ಚಿನ ಟೆಸ್ಟಿಗೆ ದುಡ್ಡು ಯಾರದು? ನಿಮ್ಮದಾಗಬಾರದು. ಮಧ್ಯದಲ್ಲಿ ಬಿಡಬಹುದಾ? ಯಾವಾಗ ಬೇಕಾದರೂ, ಕಾರಣ ಹೇಳದೆ. ಪೇಷಂಟುಗಳಿಗೆ ಅನ್ಯಾಯ ಆಗದ ಹಾಗೆ ಸ್ಟಡಿಗಳನ್ನ ಪರಿಶೀಲಿಸೋ ಎಥಿಕ್ಸ್ ಕಮಿಟಿ ಒಪ್ಪಿಗೆ ಆಗಿದೆಯಾ ಅಂತಲೂ ಕೇಳಿ. ಆ ಕಮಿಟಿಯ ಅಧ್ಯಕ್ಷರು ಹೊರಗಿನವರಾಗಿರಬೇಕು, ವಕೀಲರು, ವೈದ್ಯಕೀಯಕ್ಕೆ ಸಂಬಂಧಪಡದ ಸಾಮಾನ್ಯರೊಬ್ಬರು ಇರಲೇಬೇಕು. ಸಿಟಿಆರ್‌ಐ ನಂಬರ್ ಕೊಟ್ಟರೆ ಇನ್ನೂ ಒಳ್ಳೇದು. ಅದು 2007ರಿಂದ ಇರೋ ಸರ್ಕಾರಿ ದಾಖಲೆ, ಯಾವ ಸ್ಟಡಿ, ಯಾರು ಮಾಡ್ತಿದ್ದಾರೆ, ಏನು ಅಳೀತಾರೆ ಅಂತ ಫೋನಿನಲ್ಲೇ ಬಿಟ್ಟಿಯಾಗಿ ನೋಡಬಹುದು. ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು, ಇಸ್ಕೊಳ್ಳಿ. ಇಷ್ಟಕ್ಕೆ ಮುಖ ಗಂಟಿಕ್ಕದೆ ಉತ್ತರ ಕೊಟ್ಟರೆ ನನ್ನ ತಾಯಿಯಾಗಿದ್ದರೂ ಹಾಕಿಸ್ತಿದ್ದೆ.

ಫಾರಂ ಗಲಾಟೆಯಲ್ಲಿ ಎಲ್ಲರೂ ಮರೆಯೋದು ಬೇರೆ ಇದೆ. ಬಿದ್ದಿದ್ದಕ್ಕೇ ಸೊಂಟ ಮುರೀತು ಅಂದರೆ ಮೂಳೆ ಮೊದಲೇ ಸವೆದಿರುತ್ತೆ, ಇನ್ನೊಂದು ಕಡೆಯದೂ ಅದೇ ದಾರಿ. ಮೂಳೆ ಸವೆತ ತಡೆಯೋಕೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡೋ ಜೊಲೆಡ್ರೋನಿಕ್ ಆಸಿಡ್ ಅನ್ನ ಸೊಂಟ ಮುರಿತದ ಆಪರೇಷನ್ ಆದ 90 ದಿನದೊಳಗೆ ಶುರು ಮಾಡಿದಾಗ ಮತ್ತೆ ಮೂಳೆ ಮುರಿಯೋದು 35 ಪರ್ಸೆಂಟ್ ಕಡಿಮೆ ಅಂತ 2007ರಲ್ಲೇ ತೋರಿಸಿದ್ದಾರೆ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸೋದೇ ಹೆಚ್ಚು. ಆ ಡ್ರಿಪ್ ಕೊಡೋ ಮುಂಚೆ ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಬೇಕು. ನಿಮ್ಮದು ಬೋರ್‌ವೆಲ್ ನೀರು ಕುಡಿದ ಊರು, ಫ್ಲೋರೈಡ್ ಇದ್ದರೆ ಮೂಳೆ ಎಕ್ಸ್‌ರೇಯಲ್ಲಿ ದಪ್ಪಗೆ ಕಂಡರೂ ಗಟ್ಟಿ ಇರೋಲ್ಲ, ಅದನ್ನೂ ಡಾಕ್ಟರಿಗೆ ಹೇಳಿ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿಗೆ ಓಡೋ ಮುಂಚೆ ಮೂಳೆ ಡಾಕ್ಟರನ್ನ ಹಿಡಿದು ಇದೊಂದು ಕೇಳಿಬಿಡಿ.