ಯುದ್ಧವಿಮಾನದ ಮಾದರಿಗಳನ್ನು ಡಯೋರಾಮಾದಲ್ಲಿ (ನೆಲ, ಜನ, ಸಾಮಾನು ಸೇರಿಸಿ ಕಟ್ಟಿದ ಪುಟ್ಟ ದೃಶ್ಯದಲ್ಲಿ) ಇಡಬೇಕು ಅಂದರೆ ಯಾವ ಸ್ಕೇಲ್ ಒಳ್ಳೆಯದು? ದೃಶ್ಯ ನಿಜ ಅನ್ನಿಸಲು ಏನು ಮಾಡಬೇಕು?

ಜಾಗ ಕಡಿಮೆ ಇದ್ದರೆ 1/72 ಸ್ಕೇಲ್, ಅಂದರೆ ನಿಜ ಅಳತೆಯ 72ರಲ್ಲಿ ಒಂದು ಭಾಗ, ಆರಿಸಿ. ಆರಡಿ ಎತ್ತರದ ಮನುಷ್ಯ ಇದರಲ್ಲಿ ಸರಿಯಾಗಿ ಒಂದು ಇಂಚು ಆಗುತ್ತಾನೆ. ಸ್ಪಿಟ್‌ಫೈರ್ ಯುದ್ಧವಿಮಾನ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 15.6 ಸೆಂ.ಮೀ. 1/48ರಲ್ಲಿ ಕಾಕ್‌ಪಿಟ್ ಒಳಗಿನ ವಿವರ ಚೆನ್ನಾಗಿ ಕಾಣುತ್ತದೆ, ಆದರೆ ಬಿ-17ನಂಥ ಬಾಂಬರ್ ಅದರಲ್ಲಿ ರೆಕ್ಕೆಯ ತುದಿಯಿಂದ ತುದಿಗೆ 65 ಸೆಂ.ಮೀ. ದಾಟುತ್ತದೆ. ಅಷ್ಟು ದೊಡ್ಡದನ್ನು ಎಲ್ಲಿ ಇಡುವುದು ಎಂದು ಮೊದಲೇ ಯೋಚಿಸಿ. ಒಂದು ದೃಶ್ಯದಲ್ಲಿ ವಿಮಾನ, ಜೀಪು, ಮನುಷ್ಯರು ಎಲ್ಲ ಒಂದೇ ಸ್ಕೇಲ್‌ನಲ್ಲಿರಲಿ.

ಇನ್ನು ನಿಜ ಅನ್ನಿಸುವ ವಿಷಯ. ನನ್ನ ಪ್ರಕಾರ ಇಲ್ಲಿ ಬಣ್ಣಕ್ಕಿಂತ ಫೋಟೋ ನೋಡುವುದೇ ಮುಖ್ಯ. ಪಿ-51 ಮಸ್ಟಾಂಗ್ ಯುದ್ಧವಿಮಾನ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ನಿಂತರೆ ಹೈಡ್ರಾಲಿಕ್ ಒತ್ತಡ ಇಳಿದು ಫ್ಲ್ಯಾಪ್‌ಗಳೂ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಭಾಗಗಳು) ಚಕ್ರದ ಒಳಬಾಗಿಲುಗಳೂ ಜೋತುಬೀಳುತ್ತವೆ. ಎಂಜಿನ್ ಬಿಚ್ಚಿ ರಿಪೇರಿ ಮಾಡುತ್ತಿರುವ ಮಸ್ಟಾಂಗ್‌ನಲ್ಲಿ ಎಲ್ಲ ಮುಚ್ಚಿಕೊಂಡಿದ್ದರೆ ತಿಳಿದವರ ಕಣ್ಣಿಗೆ ತಕ್ಷಣ ಹೊಡೆಯುತ್ತದೆ, ಅಲ್ವಾ? ಹಾಗೆಯೇ ಎಕ್ಸಾಸ್ಟ್ ಹೊಗೆಯ ಕಲೆ ಗಾಳಿ ಹೋಗುವ ದಿಕ್ಕಿಗೇ, ಹಿಂದಕ್ಕೆ ಹರಿದಿರಬೇಕು. ಸವೆತ ಸುಮ್ನೆ ಎಲ್ಲ ಕಡೆ ಬೇಡ. ಪೈಲಟ್ ಹತ್ತುವ ಕಡೆ, ಮೆಕ್ಯಾನಿಕ್ ಬಿಚ್ಚುವ ಮುಚ್ಚಳಗಳ ಅಂಚಿನಲ್ಲಿ ಜಾಸ್ತಿ ಇರಲಿ.

ವಿಮಾನವನ್ನು ಬೇಸ್‌ನ ಅಂಚಿಗೆ ಸಮಾನಾಂತರವಾಗಿ ಇಡಬೇಡಿ. ಸ್ವಲ್ಪ ಓರೆಯಾಗಿಟ್ಟರೆ ದೃಶ್ಯಕ್ಕೆ ಜೀವ ಬರುತ್ತದೆ. ಸುತ್ತ ತುಂಬಾ ಸಾಮಾನು ತುಂಬುವುದಕ್ಕಿಂತ ಒಂದೇ ಕೆಲಸ ತೋರಿಸಿ: ಇಂಧನ ತುಂಬುವುದು ಅಥವಾ ಗುಂಡಿನ ಬೆಲ್ಟ್ ಹಾಕುವುದು.

ಮೇಲೆ ಅಕ್ರಿಲಿಕ್ ಮುಚ್ಚಳ ಹಾಕಿ. ತೆಳು ಆಂಟೆನಾ ತಂತಿಯ ಮೇಲಿನ ಧೂಳು ಒರೆಸಲು ಹೋದರೆ ಅದು ಮುರಿಯುತ್ತದೆ. ನೇರ ಬಿಸಿಲು ಬೀಳದ ಕಡೆ ಇಡಿ, ಬಿಸಿಲಿಗೆ ಬಣ್ಣವೂ ಡೆಕಾಲ್‌ಗಳೂ (ವಿಮಾನದ ಮೇಲೆ ಅಂಟಿಸುವ ಗುರುತಿನ ಚಿತ್ರಗಳು) ಮಾಸುತ್ತವೆ.