ಪೇಪರ್ ಹರಿದು ಬೆನ್ನಿಗೆ ಸಿಕ್ಕಿಸಿಕೊಳ್ಳುವ ಲವ್‌ಬರ್ಡ್‌ಗೆ ಹುಚ್ಚು ಹಿಡಿದಿದೆಯಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಎರಡು ಲವ್‌ಬರ್ಡ್ ಇವೆ, ಒಂದು ಪೇಪರನ್ನು ಪಟ್ಟಿ ಪಟ್ಟಿ ಮಾಡಿ ಬಾಲದ ಮೇಲೆ ಸಿಕ್ಕಿಸಿಕೊಳ್ಳುತ್ತೆ, ಪಂಜರದೊಳಗೆ ಕೈ ಹಾಕಿದರೆ ರಕ್ತ ಬರುವ ಹಾಗೆ ಕಚ್ಚುತ್ತೆ, ಇನ್ನೊಂದು ನಿಮ್ಮ ಬೆರಳ ಮೇಲೆ ತಿಂದದ್ದನ್ನು ಕಕ್ಕುತ್ತೆ, ಕತ್ತಲಾದರೆ ಎರಡೂ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತವೆ, ಇದು ಹುಚ್ಚಾ ಕಾಯಿಲೆನಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದೇ ನಾಲ್ಕಕ್ಕೆ ಹೆದರಿದ್ದೆ. ಕಾಯಿಲೆ ಅಲ್ಲ. ನಿಮ್ಮ ಹಕ್ಕಿ ಮನೆ ಕಟ್ಟುತ್ತಿದೆ, ಅಷ್ಟೇ.

ಮೊದಲು ಒಂದು ವಿಷಯ. ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿ ಬಡ್ಜಿಗಳನ್ನೂ ಲವ್ ಬರ್ಡ್ಸ್ ಅಂತಲೇ ಮಾರುತ್ತಾರೆ. ಉದ್ದ ಬಾಲ, ಬೆನ್ನ ಮೇಲೆ ಅಲೆ ಅಲೆ ಕಪ್ಪು ಗೆರೆ ಇದ್ದರೆ ಅದು ಬಡ್ಜಿ, ಆಸ್ಟ್ರೇಲಿಯಾದ್ದು. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲ, ದಪ್ಪ ಕೊಕ್ಕು, ಒಟ್ಟು 9 ಜಾತಿ. ಹಸಿರು ಮೈ, ಕೆಂಪು ಮುಖ ಅಂತ ನೀವು ಬರೆದಿರೋದರಿಂದ ಮತ್ತು ಮುಖ್ಯವಾಗಿ ಆ ಪೇಪರ್ ಕಥೆಯಿಂದ, ನಿಮ್ಮದು ಅವುಗಳಲ್ಲಿ ಪೀಚ್‌ಫೇಸ್ ಅನ್ನೋ ಜಾತಿ ಅಂತ ಹೇಳಬಹುದು. ನಮೀಬಿಯಾ, ಅಂಗೋಲಾ ಕಡೆಯ ಒಣ ಪ್ರದೇಶದ ಹಕ್ಕಿ.

ಈಗ ಪೇಪರ್. ನಮ್ಮನೆಯಲ್ಲಿ ಇದು ಶುರುವಾಗಿದ್ದು ಅತ್ತೆಯವರ ಪಂಚಾಂಗದಿಂದ. ದೇವರ ಮನೆ ಬಾಗಿಲಲ್ಲಿ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗದ ಮೇಲೆ ನಮ್ಮ ಲವ್‌ಬರ್ಡ್ ಚಿನ್ನಿ ಕೂತು, ಹಾಳೆಯ ಅಂಚಿಗೆ ಪಂಚಿಂಗ್ ಮೆಷಿನ್ ತರಹ ಸಾಲಾಗಿ ತೂತು ಹೊಡೆದು, ಒಂದೇ ಅಗಲದ ಉದ್ದ ಪಟ್ಟಿ ಕತ್ತರಿಸಿ, ತಲೆ ತಿರುಗಿಸಿ ಬಾಲದ ಮೇಲಿನ ಗರಿಗಳ ಸಂದಿಗೆ ಒಂದೊಂದಾಗಿ ಸಿಕ್ಕಿಸಿಕೊಳ್ಳುತ್ತಿತ್ತು. ಅತ್ತೆ ಏಕಾದಶಿ ಯಾವತ್ತು ಅಂತ ನೋಡಲು ಹೋದರೆ ಶ್ರಾವಣ ಮಾಸವೇ ಇಲ್ಲ. ಶ್ರಾವಣ ಹಕ್ಕಿಯ ಬೆನ್ನ ಮೇಲೆ ಹಾಲ್‌ನಲ್ಲಿ ಹಾರಾಡುತ್ತಿತ್ತು!

ಕಾಡಿನಲ್ಲಿ ಇದೇ ಕೆಲಸವನ್ನು ತೊಗಟೆ, ಎಲೆಗಳಿಂದ ಮಾಡುತ್ತವೆ. ಪಟ್ಟಿಗಳನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಪೊಟರೆಗೆ ಸಾಗಿಸುತ್ತವೆ. ಸಿಕ್ಕಿಸಿಕೊಳ್ಳೋದು ಮುಖ್ಯವಾಗಿ ಹೆಣ್ಣಿನ ಕೆಲಸ. ಗಂಡೂ ಹರಿಯುತ್ತೆ, ಒಮ್ಮೊಮ್ಮೆ ಸಿಕ್ಕಿಸೋಕೂ ನೋಡುತ್ತೆ, ಸರಿಯಾಗಿ ಬರಲ್ಲ. ಇದು ಕಲಿತದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಅನ್ನುವವರು ಪೀಚ್‌ಫೇಸ್ ಜೊತೆ ಫಿಷರ್ಸ್ ಅನ್ನೋ ಇನ್ನೊಂದು ಜಾತಿಯ ಲವ್‌ಬರ್ಡನ್ನು ಕೂಡಿಸಿ ಮರಿ ಮಾಡಿಸಿದ್ದರು. ಫಿಷರ್ಸ್ ಬೆನ್ನಿಗೆ ಸಿಕ್ಕಿಸಲ್ಲ, ಕೊಕ್ಕಲ್ಲೇ ಕಚ್ಚಿಕೊಂಡು ಹೋಗುತ್ತೆ. ಹುಟ್ಟಿದ ಮರಿಗಳ ಪಾಡು ಪಾಪ, ಅವು ಬೆನ್ನಿಗೆ ಸಿಕ್ಕಿಸೋಕೆ ನೋಡುತ್ತವೆ, ಪಟ್ಟಿ ಬಿದ್ದುಹೋಗುತ್ತೆ, ಮತ್ತೆ ಸಿಕ್ಕಿಸುತ್ತವೆ, ಮತ್ತೆ ಬೀಳುತ್ತೆ. ವರ್ಷಗಳಾದ ಮೇಲೆ ಕೊಕ್ಕಲ್ಲಿ ಒಯ್ಯೋದು ಕಲಿತವಂತೆ. ಆಗಲೂ ಹೊರಡುವ ಮುಂಚೆ ಒಮ್ಮೆ ಬೆನ್ನ ಕಡೆ ತಲೆ ತಿರುಗಿಸೋದು ಮಾತ್ರ ಬಿಡಲಿಲ್ಲ. ಡಿಲ್ಗರ್ ಇದನ್ನು 1962ರಲ್ಲಿ ಬರೆದರು. ಆಮೇಲಿಂದ ನಾನು ಚಿನ್ನಿಯನ್ನು ಬೈಯೋದು ಬಿಟ್ಟೆ.

ಕಚ್ಚೋದೂ ಇದರದೇ ಮುಂದುವರಿಕೆ. ಹೊರಗೆ ನಿಮ್ಮ ಭುಜದ ಮೇಲೆ ಕೂತು ಕಿವಿ ಓಲೆ ಎಳೆಯೋ ಹಕ್ಕಿ ಪಂಜರದೊಳಗೆ ಯಾಕೆ ರಾಕ್ಷಸಿ ಆಗುತ್ತೆ ಅಂದರೆ, ಅದರ ಲೆಕ್ಕದಲ್ಲಿ ಪಂಜರವೇ ಪೊಟರೆ, ನಿಮ್ಮ ಕೈ ಒಳಗೆ ನುಗ್ಗಿದ ಹಾವು. ಗದರಬೇಡಿ, ಕೊಕ್ಕಿಗೆ ತಟ್ಟಲೇಬೇಡಿ. ಬಾಗಿಲು ತೆಗೆದಿಡಿ, ಅದಾಗೇ ಹೊರಗೆ ಬರಲಿ, ಆಮೇಲೆ ಕಾಳು ಹಾಕಿ, ತಟ್ಟೆ ತೊಳೆಯಿರಿ. ಇಷ್ಟು ಮಾಡಿದ ಮೇಲೆ ನನ್ನ ಬೆರಳಿಗೆ ಬ್ಯಾಂಡೇಜ್ ಹಾಕಿಕೊಳ್ಳೋದು ತಪ್ಪಿತು.

ಬೆರಳ ಮೇಲೆ ಕಕ್ಕೋದು ಪ್ರೀತಿ. ನಿಜವಾಗಿ. ಜೋಡಿಗೆ ಹೀಗೇ ತುತ್ತು ಕೊಡೋದು. ತಲೆ ಮೇಲೆ ಕೆಳಗೆ ಆಡಿಸಿ ಮೆಲ್ಲಗೆ ಒಂದು ಕಡೆ ಇಟ್ಟರೆ ತುತ್ತು. ತಲೆ ಅಕ್ಕಪಕ್ಕ ಒದರಿ ಎಲ್ಲೆಂದರಲ್ಲಿ ಎರಚಿ, ತಲೆಯ ಗರಿ ಅಂಟಂಟಾದರೆ ಅದು ವಾಂತಿ, ಡಾಕ್ಟರ್ ಹತ್ತಿರ ಹೋಗಬೇಕು. ಇನ್ನು ರಾತ್ರಿಯ ಸದ್ದು, ಅದು ಕೊಕ್ಕು ಮಸೆಯೋದು. ಹೊಟ್ಟೆ ತುಂಬಿದೆ, ನಿದ್ದೆ ಬರುತ್ತಿದೆ ಅಂತ ಅರ್ಥ. ಖುಷಿಪಡಿ.

ಅಂಗಡಿಯವರು ನಿಮಗೂ ಗಂಡು ಹೆಣ್ಣು ಜೋಡಿ ಅಂತ ಹೇಳಿ ಕೊಟ್ಟಿರಬೇಕು ಅಲ್ವಾ? ಪೀಚ್‌ಫೇಸ್‌ನಲ್ಲಿ ಗಂಡು ಹೆಣ್ಣು ನೋಡೋಕೆ ಒಂದೇ ತರಹ, ನಂಬಬೇಡಿ. ನಮ್ಮ ಎರಡನೆಯದಕ್ಕೆ ಪುಟ್ಟ ಅಂತ ಹೆಸರಿಟ್ಟಿದ್ದೆವು. ಒಂದು ದಿನ ಗೂಡಿನ ಮಡಕೆಯಲ್ಲಿ ನೋಡಿದರೆ 11 ಮೊಟ್ಟೆ. ಒಂದು ಹಕ್ಕಿ ಸಾಮಾನ್ಯವಾಗಿ ನಾಲ್ಕೋ ಐದೋ ಆರೋ ಇಡುತ್ತೆ, 11 ಹೇಗೆ? ಪುಟ್ಟನೂ ಇಟ್ಟಿದ್ದ! ಹೆಸರು ಬದಲಾಯಿಸೋಣ ಅಂದಳು ಮಗಳು, ಆದರೆ ಬೇರೆ ಏನು ಕೂಗಿದರೂ ಅದು ತಿರುಗಿಯೂ ನೋಡಲ್ಲ. ಈಗಲೂ ಪುಟ್ಟನೇ.

ಗಂಡಿಲ್ಲದಿದ್ದರೂ ಮೊಟ್ಟೆ ಇಡುತ್ತವೆ, ಮರಿ ಆಗಲ್ಲ. ಆದರೆ ತಕ್ಷಣ ಎತ್ತಿ ಬಿಸಾಡಬೇಡಿ. ಎತ್ತಿದರೆ ಕಳೆದುಹೋಯಿತು ಅಂದುಕೊಂಡು ಮತ್ತೆ ಇಡುತ್ತೆ. ಕಾವಿನ ಸಮಯ ಸುಮಾರು 23 ದಿನ, ಅದು ಕಳೆದು ಹಕ್ಕಿಗೇ ಬೇಜಾರಾಗಿ ಎದ್ದು ಹೋದ ಮೇಲೆ ತೆಗೆಯಿರಿ, ಜೊತೆಗೆ ಮಡಕೆಯನ್ನೂ. ಮರಿ ಬೇಡ ಅಂದರೆ ಮಡಕೆ ಯಾಕೆ? ಬೆನ್ನು ಸವರಬೇಡಿ, ತಲೆ ಕೆರೆದರೆ ಸಾಕು, ಬೆನ್ನು ಸವರಿದರೆ ನಿಮ್ಮನ್ನೇ ಜೋಡಿ ಅಂದುಕೊಳ್ಳುತ್ತೆ. ಸಂಜೆ ಏಳಕ್ಕೆ ಪಂಜರ ಮುಚ್ಚಿ ಕತ್ತಲು ಮಾಡಿ, ನಾವು ರಾತ್ರಿ ಹನ್ನೊಂದರವರೆಗೆ ಟಿವಿ ಹಾಕಿಕೊಂಡು ಕೂತು ಅಷ್ಟು ಹೊತ್ತು ಬೆಳಕಿದ್ದರೆ ಅದಕ್ಕೆ ವರ್ಷವಿಡೀ ಗೂಡು ಕಟ್ಟೋ ಕಾಲವೇ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹೆದರಬೇಕಾದ್ದು ಗಲಾಟೆಗೆ ಅಲ್ಲ, ಸುಮ್ನೆ ಕೂತರೆ. ಮೂರನೇ ವರ್ಷ ಪುಟ್ಟ ಒಂದು ಬೆಳಿಗ್ಗೆ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು, ಉಸಿರಿಗೊಮ್ಮೆ ಬಾಲ ಅಲ್ಲಾಡುತ್ತಿತ್ತು, ಕಡ್ಡಿ ಹತ್ತೋಕೆ ಕಾಲಲ್ಲಿ ಬಲವಿಲ್ಲ. ಪಕ್ಕದ ರಸ್ತೆಯ ಕ್ಲಿನಿಕ್‌ನವರು ವಿಟಮಿನ್ ಡ್ರಾಪ್ಸ್ ಬರೆದುಕೊಟ್ಟರು, ನಾನೂ ಸಂಜೆಯವರೆಗೆ ಸುಮ್ಮನಿದ್ದೆ, ಆ ತಪ್ಪು ನೀವು ಮಾಡಬೇಡಿ. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಇದರಲ್ಲಿ ಗಂಟೆಗಳ ಲೆಕ್ಕ. ಕೊನೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ, ಶೂ ಡಬ್ಬಕ್ಕೆ ತೂತು ಮಾಡಿ, ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು, ಟ್ರಾಫಿಕ್‌ನಲ್ಲಿ ಆಟೋದವರಿಗೆ ಕೈಮುಗಿಯುತ್ತಾ ಹೋದೆ. ಉಳೀತು. ಅಂದಿನಿಂದ ಪಂಜರದಲ್ಲಿ ಕಟಲ್ ಬೋನ್, ಅಂದರೆ ಕಟಲ್‌ಫಿಶ್ ಅನ್ನೋ ಕಡಲ ಜೀವಿಯ ಒಳಚಿಪ್ಪು, ಯಾವಾಗಲೂ ಇರುತ್ತೆ, ಸುಣ್ಣದ ಅಂಶಕ್ಕೆ. ಬರೀ ನವಣೆ ಹಾಕುತ್ತಿದ್ದವಳು ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಕ್ಯಾರೆಟ್ ಎಲ್ಲ ಕೊಡೋಕೆ ಶುರು ಮಾಡಿದೆ.

ಇನ್ನೆರಡು ಮಾತು, ನೀವು ಕೇಳಿಲ್ಲ, ಆದರೂ. ಇವುಗಳಿಗೆ ನಿಮ್ಮ ಲೋಟದಲ್ಲಿ ಏನಿದೆ ಅಂತ ನೋಡದಿದ್ದರೆ ಸಮಾಧಾನವಿಲ್ಲ. ಬೆಣ್ಣೆ ಹಣ್ಣಿನ ಜ್ಯೂಸ್ ಹಕ್ಕಿಗೆ ವಿಷ, ಒಂದು ಗುಟುಕೂ ಬೇಡ. ನಾನ್‌ಸ್ಟಿಕ್ ತವಾ ಕಾಯಲು ಇಟ್ಟು ಮರೆತರೆ ಅದರ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತೆ. ನಮ್ಮನೆಯಲ್ಲಿ ದೋಸೆ ಈಗ ಕಬ್ಬಿಣದ ಕಾವಲಿಯಲ್ಲೇ. ರುಚಿಯೂ ಜಾಸ್ತಿ, ಅದು ಬೇರೆ ಮಾತು. ದೀಪಾವಳಿಯಲ್ಲಿ ಮಾತ್ರ ಪೂರ್ತಿ ಕತ್ತಲು ಮಾಡಬೇಡಿ, ಪಟಾಕಿ ಸದ್ದಿಗೆ ಗಾಬರಿಯಾಗಿ ಕಂಬಿಗೆ ಬಡಿದುಕೊಳ್ಳುತ್ತವೆ. ಜೀರೋ ಬಲ್ಬ್ ಹಾಕಿಡಿ.

ಪೇಪರ್ ನಿಲ್ಲಿಸಬೇಕಾ ಅಂತ ಕೇಳಿದ್ದಿರಿ. ಮೊಟ್ಟೆ ಮೇಲೆ ಮೊಟ್ಟೆ ಇಡುತ್ತಿದ್ದರೆ ನಿಲ್ಲಿಸಿ. ಇಲ್ಲದಿದ್ದರೆ ದಿನಕ್ಕೆ ಒಂದೆರಡು ಹಾಳೆ ಕೊಡಿ, ಹರಿಯೋದೂ ಒಂದು ಆಟ, ಮೇಜಿನ ಮೇಲಿಟ್ಟ ನಿಮ್ಮ ಕರೆಂಟ್ ಬಿಲ್ಲಾದರೂ ಹರಿಯದೆ ಉಳಿಯುತ್ತೆ. ನಮ್ಮನೆಯಲ್ಲಿ ಈಗ ಯುಗಾದಿಗೆ ಹೊಸ ಪಂಚಾಂಗ ಬಂತು ಅಂದರೆ ಹಳೆಯದನ್ನು ಅತ್ತೆಯೇ ತಂದು ಪಂಜರದ ಮೇಲಿಡುತ್ತಾರೆ.